ಮದ್ದು ಬಿಡುವ ಪಾಳಿಗೆ ಒಂದು ಆ್ಯಪ್: ಫ್ಲಟರಾ, ರಿಯಾಕ್ಟ್ ನೇಟಿವಾ, ಬರೀ ವೆಬ್ ಸಾಕಾ?

ಸೋಗೆಮಾಡು (ಬದಿಯಡ್ಕ ಕಡೆ) · ಏಪ್ರಿಲ್ 27, ರಾತ್ರಿ 9.40

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಪುರುಸೊತ್ತಿದ್ದವರು ಓದಿ.

ನಮ್ಮ ಬೈಲಿನ ನಲವತ್ತೆರಡು ಮನೆಯವರು ಸೇರಿ ಅಡಿಕೆಗೆ ಮದ್ದು ಬಿಡಲಿಕ್ಕೆ ಒಂದು ತಂಡ ಮಾಡಿಕೊಂಡಿದ್ದೇವೆ. ಆರು ಜನ, ಮೂರು ಕಾರ್ಬನ್ ಫೈಬರ್ ದೋಟಿ, ಎರಡು ಪಂಪು. ಮರ ಹತ್ತುವವರು ಸಿಗದೆ ದೋಟಿಗೆ ಬಂದ ಕಥೆ ನಿಮಗೆಲ್ಲ ಗೊತ್ತಿರುವಂಥದ್ದೇ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಯಾರ ತೋಟ ಯಾವತ್ತು ಎನ್ನುವ ಪಾಳಿ ಈಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಡೆಯುತ್ತದೆ. ಒಂದು ದಿನ ಮಳೆ ಜೋರಾದರೆ ಹಿಂದಿನವರದ್ದೆಲ್ಲ ಜಾರುತ್ತದೆ. ಗುಂಪಿನಲ್ಲಿ ಇನ್ನೂರು ಮೆಸೇಜು, ನಡುವೆ ಯಾರದ್ದೋ ಗುಡ್ ಮಾರ್ನಿಂಗ್ ಹೂವು. ಹೋದ ವರ್ಷ ಆಟಿಯಲ್ಲಿ ಒಂದೇ ದಿನ ಎರಡು ಮನೆಯವರು ಮೈಲುತುತ್ತು, ಸುಣ್ಣ ಕಲಸಿಟ್ಟು ತಂಡ ಬರುತ್ತದೆ ಎಂದು ಕಾದು ಕೂತರು. ಬೋರ್ಡೋ (ಈ ಮೈಲುತುತ್ತು, ಸುಣ್ಣದ ಮದ್ದು) ಕಲಸಿದ ದಿನವೇ ಮುಗಿಯಬೇಕಲ್ಲ? ಒಂದು ಮನೆಯವರ ಎರಡು ಡ್ರಮ್ಮು ದಂಡವಾಯಿತು. ಆ ಮನೆಯವರು ಈಗಲೂ ನನ್ನೊಟ್ಟಿಗೆ ಸರಿ ಮಾತಾಡುವುದಿಲ್ಲ, ಯಾಕೆಂದರೆ ಪಟ್ಟಿ ಬರೆಯುವವ ನಾನೇ.

ನಾನು ಶಾಲೆಯಲ್ಲಿ ಗಣಿತ ಹೇಳಿಕೊಡುವವ. ಎಚ್‌ಟಿಎಂಎಲ್, ಸಿಎಸ್‌ಎಸ್ ಬರುತ್ತದೆ, ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ. ಬೇಸಗೆ ರಜೆಯಲ್ಲಿ ಒಂದು ಆ್ಯಪ್ ಮಾಡಬೇಕೆಂದು ಕೂತಿದ್ದೇನೆ. ತೊಡಕು ಇಷ್ಟು: ಬೈಲಿಗೆ ಇಳಿದರೆ ನೆಟ್‌ವರ್ಕ್ ಇಲ್ಲ, ಪಾರೆಯ ಮೇಲೆ ಹತ್ತಿದರೆ ಎರಡು ಕಡ್ಡಿ. ತಂಡದಲ್ಲಿ ಇಬ್ಬರಿಗೆ ಮಲಯಾಳ ಮಾತ್ರ ಓದಲಿಕ್ಕೆ ಬರುವುದು. ಹೆಚ್ಚಿನವರ ಹತ್ತಿರ ಎರಡು ಜಿಬಿ ರ‍್ಯಾಮಿನ ಹಳೇ ಆ್ಯಂಡ್ರಾಯ್ಡ್. ಆದರೆ ಕೆಲವು ಮನೆಯ ಹಣಕಾಸು ನೋಡುವುದು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು, ಅವರ ಕೈಯಲ್ಲಿ ಐಫೋನು. ಮುಂದೆ ಇದನ್ನು ನೋಡಿಕೊಳ್ಳಬೇಕಾದವನೂ ನಾನೊಬ್ಬನೇ.

ಯೂಟ್ಯೂಬ್ ನೋಡಿದರೆ ಒಬ್ಬ ಫ್ಲಟರ್ ಎನ್ನುತ್ತಾನೆ, ಇನ್ನೊಬ್ಬ ರಿಯಾಕ್ಟ್ ನೇಟಿವ್ ಎನ್ನುತ್ತಾನೆ, ಎರಡೂ ಆ್ಯಪ್ ಕಟ್ಟುವ ಸಲಕರಣೆಗಳಂತೆ. ಮಂಡೆ ಬಿಸಿಯಾಗಿದೆ. ಯಾವುದು ಹಿಡಿಯಲಿ?

ಪೆರ್ಲ ಟು ಕುಡ್ಲ · ಏಪ್ರಿಲ್ 27, ರಾತ್ರಿ 10.05

ಫ್ಲಟರ್ ಮಾಷ್ಟ್ರೇ, ಎರಡು ಮಾತಿಲ್ಲ. ನಾನು ದಿನಾ ಅದರಲ್ಲೇ ಕೆಲಸ ಮಾಡುವವ. ಡಾರ್ಟ್ ಭಾಷೆ ಹದಿನೈದು ದಿನದಲ್ಲಿ ಕೈಗೆ ಕೂರ್ತದೆ. ಒಂದೇ ಕೋಡು, ಆ್ಯಂಡ್ರಾಯ್ಡಿಗೂ ಐಫೋನಿಗೂ ಒಂದೇ ನಮೂನೆ ಕಾಣ್ತದೆ, ಯಾಕೆಂದರೆ ಪರದೆಯ ಮೇಲಿನ ಒಂದೊಂದು ಚುಕ್ಕಿಯನ್ನೂ ಅದೇ ಬಿಡಿಸುವುದು. ವೆಬ್ಬಿಗೂ ಅದೇ ಕೋಡು ಹೋಗ್ತದೆ.

ಬಾಯಾರಿನವ, ಸದ್ಯ ಬೆಂಗಳೂರು · ಏಪ್ರಿಲ್ 27, ರಾತ್ರಿ 10.31

ಮಾಷ್ಟ್ರಿಗೆ ಜಾವಾಸ್ಕ್ರಿಪ್ಟ್ ಬರುತ್ತದೆ ಎಂದಮೇಲೆ ಡಾರ್ಟ್ ಯಾಕೆ ಕಲಿಸ್ತೀಯ ಮಾರಾಯ? ರಿಯಾಕ್ಟ್ ನೇಟಿವ್, ಅದರ ಮೇಲೆ ಎಕ್ಸ್‌ಪೋ ಎನ್ನುವ ಸಹಾಯಕ ಸಲಕರಣೆ. ಫೋನಿನದ್ದೇ ಬಟನ್ನು, ಫೋನಿನದ್ದೇ ಪಟ್ಟಿ ಬಳಸುತ್ತದೆ. ಮೆಟಾದವರು 2015ರಲ್ಲಿ ಬಿಟ್ಟದ್ದು, ಆಗ ಫೇಸ್‌ಬುಕ್. ಇವತ್ತಿಗೂ ಗಟ್ಟಿಯಾಗಿ ನಿಂತಿದೆ.

ಚಂದ್ರಗಿರಿ ತೆಂಕು · ಏಪ್ರಿಲ್ 28, ಬೆಳಗ್ಗೆ 6.50

ಇಬ್ಬರೂ ತಮ್ಮತಮ್ಮ ಅಂಗಡಿಯ ಸಾಮಾನು ತೋರಿಸಿದ್ದೀರಿ. ತಪ್ಪಲ್ಲ. ಆದರೆ ಮಾಷ್ಟ್ರು ಕೊನೆಗೆ ಬರೆದ ಒಂದು ಸಾಲು ನೀವು ಓದಿದ ಹಾಗೆ ಕಾಣುವುದಿಲ್ಲ. ಇದನ್ನು ನೋಡಿಕೊಳ್ಳುವವರು ಅವರೊಬ್ಬರೇ. ಜೂನ್ ಒಂದಕ್ಕೆ ಶಾಲೆ ಶುರುವಾದರೆ ವಾರಕ್ಕೆ ಎರಡು ಗಂಟೆ ಸಿಕ್ಕಿದರೆ ಪುಣ್ಯ.

ನಾನು ಈ ಕೆಲಸಕ್ಕೆ ಇಳಿದು ಹದಿನಾರು ವರ್ಷ. ಅಷ್ಟರಲ್ಲಿ ನೋಡಿದ್ದನ್ನು ಹೇಳುತ್ತೇನೆ. 2009ರ ಹೊತ್ತಿಗೆ ಫೋನ್‌ಗ್ಯಾಪ್ ಬಂತು. ವೆಬ್ ಪುಟವನ್ನು ಆ್ಯಪ್ ಒಳಗೆ ಕೂರಿಸುವ ಉಪಾಯ. 2011ರಲ್ಲಿ ಅಡೋಬಿ ಅದನ್ನು ತೆಗೆದುಕೊಂಡಿತು, ಒಳಗಿನ ಎಂಜಿನ್ ಅಪಾಚೆ ಎನ್ನುವ ಮುಕ್ತ ತಂತ್ರಾಂಶದ ಸಂಸ್ಥೆಗೆ ಹೋಗಿ ಕಾರ್ಡೋವಾ ಆಯಿತು, 2020ರ ಅಕ್ಟೋಬರಿನಲ್ಲಿ ಫೋನ್‌ಗ್ಯಾಪ್ ಬಿಲ್ಡ್ ಸೇವೆ ಬಾಗಿಲು ಹಾಕಿತು. ಮೊಬೈಲಿನ ವೆಬ್ ಪುಟ ಮಾಡುವ ಜೆಕ್ವೆರಿ ಮೊಬೈಲ್ 2011ರಲ್ಲಿ ಎಲ್ಲರ ಬಾಯಲ್ಲಿ. 2021ರಲ್ಲಿ ಅದರವರೇ ಇನ್ನು ಸಾಕು ಎಂದರು. ಝಾಮರಿನ್ ಎನ್ನುವ ಆ್ಯಪ್ ಸಲಕರಣೆ ಕಲಿತವರಿಗೆ ಮೈಕ್ರೋಸಾಫ್ಟ್ 2024ರ ಮೇ 1ಕ್ಕೆ ಬೆಂಬಲ ನಿಲ್ಲಿಸಿತು. ಯಾರನ್ನೂ ಬೈಯಲಿಕ್ಕೆ ಹೇಳುವುದಲ್ಲ, ಈ ಪೇಟೆಯ ಕ್ರಮವೇ ಹಾಗೆ. ಆದರೆ ಆಗ ಬರೆದ ಸಾದಾ ಎಚ್‌ಟಿಎಂಎಲ್ ಪುಟ ಇವತ್ತೂ ಯಾವ ಫೋನಿನಲ್ಲಾದರೂ ತೆರೆಯುತ್ತದೆ.

ಹಾಗಾಗಿ ನನ್ನ ಮಾತು: ಮೊದಲು ವೆಬ್ಬಿನಲ್ಲಿ ಮಾಡಿ. ಪಿಡಬ್ಲ್ಯೂಎ, ಪ್ರೋಗ್ರೆಸಿವ್ ವೆಬ್ ಆ್ಯಪ್ ಎನ್ನುತ್ತಾರೆ. 2015ರಲ್ಲಿ ಇಟ್ಟ ಹೆಸರು. ಮಾಮೂಲಿ ವೆಬ್‌ಸೈಟಿಗೆ ಎರಡು ಫೈಲು ಸೇರಿಸುವುದು. ಒಂದು ಮ್ಯಾನಿಫೆಸ್ಟ್: ಆ್ಯಪಿನ ಹೆಸರು, ಐಕಾನು. ಇನ್ನೊಂದು ಸರ್ವಿಸ್ ವರ್ಕರ್. ಅದು ಮನೆಯ ಜಗಲಿಯಲ್ಲಿ ಕೂತ ಅಜ್ಜನ ಹಾಗೆ. ಪುಟ ಏನು ಕೇಳಿದರೂ ಅದರ ಎದುರಿನಿಂದಲೇ ಹಾದುಹೋಗಬೇಕು. ತನ್ನ ಹತ್ತಿರ ಇದ್ದರೆ ತಾನೇ ಕೊಡುತ್ತದೆ, ಇಲ್ಲದಿದ್ದರೆ ಹೊರಗೆ ಕಳುಹಿಸುತ್ತದೆ. ನೆಟ್ ಇಲ್ಲದಿದ್ದರೂ ಪುಟ ತೆರೆಯುವುದು ಅದರಿಂದ. ಪಾಳಿಯ ಪಟ್ಟಿಯನ್ನು ಫೋನಿನೊಳಗೇ ಇಂಡೆಕ್ಸ್ಡ್ ಡಿಬಿ ಎನ್ನುವ ಬ್ರೌಸರಿನ ಉಗ್ರಾಣದಲ್ಲಿ ಇಡಬಹುದು. ಸೈಟಿಗೆ ಎಚ್‌ಟಿಟಿಪಿಎಸ್, ಅಂದರೆ ಸುರಕ್ಷಿತ ಸಂಪರ್ಕ, ಇರಬೇಕು, ಅಷ್ಟೇ ನಿಬಂಧನೆ.

ಹಂಚುವುದೂ ಸುಲಭ. ಗುಂಪಿನಲ್ಲಿ ಒಂದು ಲಿಂಕ್ ಹಾಕಿದರೆ ಮುಗಿಯಿತು.

ಪೆರ್ಲ ಟು ಕುಡ್ಲ · ಏಪ್ರಿಲ್ 28, ಬೆಳಗ್ಗೆ 8.15

ಅಣ್ಣ, ಮ್ಯೂಸಿಯಂ ತೋರಿಸಿದ್ದು ಒಳ್ಳೇದಾಯ್ತು. ಆದರೆ ಫ್ಲಟರ್ 1.0 ಬಂದದ್ದು 2018ರ ಡಿಸೆಂಬರಿನಲ್ಲಿ, ಇನ್ನೂ ಜೀವಂತ ಉಂಟು. ಎರಡು ಜಿಬಿ ಫೋನಿನಲ್ಲಿ ವೆಬ್ ಪುಟ ತೆವಳ್ತದೆ, ಅದನ್ನೂ ಸ್ವಲ್ಪ ಹೇಳಿ.

ಚಂದ್ರಗಿರಿ ತೆಂಕು · ಏಪ್ರಿಲ್ 28, ಬೆಳಗ್ಗೆ 8.40

ಒಂದೂವರೆ ಎಂಬಿ ಜಾವಾಸ್ಕ್ರಿಪ್ಟ್ ತುರುಕಿದರೆ ತೆವಳುತ್ತದೆ, ಒಪ್ಪಿದೆ. ನಲವತ್ತೆರಡು ಸಾಲಿನ ಪಟ್ಟಿ ತೋರಿಸಲಿಕ್ಕೆ ತೆವಳಿದರೆ ಬರೆದವರ ಕಿವಿ ಹಿಂಡಬೇಕು.

ನೀವು ಹೇಳಿದ "ವೆಬ್ಬಿಗೂ ಅದೇ ಕೋಡು" ಎನ್ನುವುದರ ಬಗ್ಗೆ ಒಂದು ಮಾತು. ಫೋನಿನ ಆ್ಯಪ್ ಆಗಿ ಫ್ಲಟರ್ ಕನ್ನಡವನ್ನು ಚೆನ್ನಾಗಿಯೇ ತೋರಿಸುತ್ತದೆ. ವೆಬ್ಬಿನಲ್ಲಿ ಅದು ಅಕ್ಷರಗಳನ್ನೂ ಕ್ಯಾನ್ವಾಸ್ ಎನ್ನುವ ಖಾಲಿ ಹಲಗೆಯ ಮೇಲೆ ಚಿತ್ರದ ಹಾಗೆ ಬಿಡಿಸುವುದು. ಫೋನಿನಲ್ಲಿರುವ ಕನ್ನಡ ಫಾಂಟ್ ಅದಕ್ಕೆ ಸಿಗುವುದಿಲ್ಲ. ನಾವೇ ಫಾಂಟ್ ಕಟ್ಟಿಕೊಡದಿದ್ದರೆ ನೋಟೋ ಫಾಂಟನ್ನು ನೆಟ್ಟಿನಿಂದ ತರಿಸಿಕೊಳ್ಳುತ್ತದೆ. ಮಾಷ್ಟ್ರ ಬೈಲಿನಲ್ಲಿ ನೆಟ್ಟೆಲ್ಲಿದೆ?

ಪೆರ್ಲ ಟು ಕುಡ್ಲ · ಏಪ್ರಿಲ್ 28, ಬೆಳಗ್ಗೆ 9.02

ಅದು ಸತ್ಯ. ನನಗೇ ಆಗಿತ್ತು. ಊರಿನ ಭಜನಾ ಮಂದಿರಕ್ಕೆ ಕಾರ್ಯಕ್ರಮದ ಪಟ್ಟಿ ಮಾಡಿ ಕೊಟ್ಟಿದ್ದೆ, ಉದ್ಘಾಟನೆಯ ದಿನ ಕರೆಂಟು ಹೋಗಿ ವೈಫೈ ಇಲ್ಲ, ಪರದೆ ತುಂಬ ಬರೀ ಚೌಕ ಚೌಕ. ಮೈಕ್ ಹಿಡಿದವರು "ಇದು ಯಾವ ಲಿಪಿ?" ಅಂತ ಕೇಳಿದರು. ಫಾಂಟ್ ಒಟ್ಟಿಗೆ ಕಟ್ಟದ್ದು ನನ್ನದೇ ತಪ್ಪು. ಅಂದಿನಿಂದ ಮೊದಲು ಹಾಕುವುದೇ ಅದು.

ಅಡ್ಕದ ಅಕ್ಕ · ಏಪ್ರಿಲ್ 28, ಮಧ್ಯಾಹ್ನ 2.20

ನೀವು ಮಾತಾಡುವುದರಲ್ಲಿ ಅರ್ಧ ನನಗೆ ಅರ್ಥವಾಗುವುದಿಲ್ಲ, ಆದರೆ ನಮ್ಮ ಕಡೆಯ ಇಂಥದ್ದೇ ಗುಂಪಿನ ಲೆಕ್ಕ ಬರೆಯುವವಳು ನಾನು. ಎರಡು ಪ್ರಶ್ನೆ. ಮಗ ದುಬೈಯಲ್ಲಿ, ಐಫೋನು. ಅವನಿಗೆ ಲಿಂಕ್ ಕಳಿಸಿದರೆ ಸಾಕಾ? ಮತ್ತೆ, ನಮ್ಮ ನೆರೆಮನೆಯವರು ಹಿಂದೆ ಒಬ್ಬರು ಮಾಡಿಕೊಟ್ಟ ಆ್ಯಪಿನ ಬಗ್ಗೆ ಹೇಳಿದ್ದು ಹೀಗೆ: "ಎನ್ನ ಫೋನಿಲಿ ಅದು ಓಪನ್ನೇ ಆವ್ತಿಲ್ಲೆ." ಹಾಗಾಗದ ಹಾಗೆ ಮಾಡುವುದು ಹೇಗೆ?

ಚಂದ್ರಗಿರಿ ತೆಂಕು · ಏಪ್ರಿಲ್ 28, ಸಂಜೆ 7.30

ಅಕ್ಕ, ಮಗನಿಗೆ ಲಿಂಕ್ ಸಾಕು, ಆದರೆ ಸಫಾರಿಯಲ್ಲಿ ತೆರೆದು, ಬಾಣದ ಗುರುತಿನ ಶೇರ್ ಬಟನ್ ಒತ್ತಿ, "ಹೋಮ್ ಸ್ಕ್ರೀನಿಗೆ ಸೇರಿಸು" ಕೊಡಬೇಕು. ಹೇಳಿಕೊಡದೆ ಯಾರಿಗೂ ಅದು ತಾನಾಗಿ ಸಿಕ್ಕುವುದಿಲ್ಲ, ಅಲ್ಲೇ ಐಫೋನಿನ ಮೊದಲ ಎಡವಟ್ಟು. ಸೇರಿಸುವುದು ಯಾಕೆ ಮುಖ್ಯ ಎಂದರೆ, 2020ರಿಂದ ಸಫಾರಿಯಲ್ಲಿ ಒಂದು ಕ್ರಮ ಉಂಟು: ಸಫಾರಿ ಬಳಸುತ್ತಾ ಏಳು ದಿನ ಆ ಸೈಟಿನ ಕಡೆಗೆ ಹೋಗದಿದ್ದರೆ, ಸೈಟು ಫೋನಿನಲ್ಲಿ ಕೂಡಿಟ್ಟದ್ದನ್ನು ಅಳಿಸಿಬಿಡುತ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿದ ಆ್ಯಪಿಗೆ ಆ ಲೆಕ್ಕ ಬೇರೆ. ನೋಟಿಫಿಕೇಶನ್ನೂ ಹಾಗೆಯೇ. 2023ರ ಮಾರ್ಚಿನಲ್ಲಿ ಬಂದ ಐಒಎಸ್ 16.4ರಿಂದ ಸಿಗುತ್ತದೆ, ಅದೂ ಹೋಮ್ ಸ್ಕ್ರೀನಿಗೆ ಹಾಕಿಕೊಂಡವರಿಗೆ ಮಾತ್ರ.

ಐಫೋನಿಗೆ ನಿಜವಾದ ಆ್ಯಪೇ ಬೇಕೆಂದರೆ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್, ಜೊತೆಗೆ ಕಟ್ಟಲಿಕ್ಕೆ ಒಂದು ಮ್ಯಾಕ್. ನಾಲ್ಕೈದು ಮಕ್ಕಳು ದೂರದಿಂದ ಪಟ್ಟಿ ನೋಡಲಿಕ್ಕೆ ಅಷ್ಟು ಖರ್ಚು ಯಾಕೆ?

ಎರಡನೇ ಪ್ರಶ್ನೆಗೆ: ಮಾಡುವವರ ಫೋನಿನಲ್ಲಿ ನೋಡಿದರೆ ಸಾಲದು. ಬೈಲಿನ ಅತಿ ಹಳೇ ಫೋನನ್ನು ಒಂದು ವಾರ ಸಾಲ ತಂದು ಅದರಲ್ಲಿ ನೋಡಬೇಕು.

ಮುಳ್ಳೇರಿಯ ಸೈಡ್ · ಏಪ್ರಿಲ್ 28, ರಾತ್ರಿ 8.10

ನಮ್ಮ ಶಾಲೆಯ ಲಿಟಲ್ ಕೈಟ್ಸ್ (ಕೇರಳದ ಶಾಲೆಗಳ ಐಟಿ ಕ್ಲಬ್) ಮಕ್ಕಳು ಆ್ಯಪ್ ಇನ್ವೆಂಟರಿನಲ್ಲಿ ಬ್ಲಾಕ್ ಜೋಡಿಸಿ ಆ್ಯಪ್ ಮಾಡ್ತಾರೆ. ಅದರಲ್ಲಿ ಆಗಲಿಕ್ಕಿಲ್ವಾ? ಮಕ್ಕಳಿಗೇ ಕೊಡಬಹುದಿತ್ತು.

ಬಾಯಾರಿನವ, ಸದ್ಯ ಬೆಂಗಳೂರು · ಏಪ್ರಿಲ್ 28, ರಾತ್ರಿ 8.45

ಕಲಿಯಲಿಕ್ಕೆ ಚಂದ. ಆದರೆ ಇಲ್ಲಿ ಕಷ್ಟ ಇರುವುದು ಪರದೆ ಬಿಡಿಸುವುದರಲ್ಲಿ ಅಲ್ಲ, ನೆಟ್ ಇಲ್ಲದೆ ಬರೆದದ್ದನ್ನು ಆಮೇಲೆ ಕೂಡಿಸುವುದರಲ್ಲಿ. ಅದನ್ನು ಬ್ಲಾಕಿನಲ್ಲಿ ಜೋಡಿಸಿದರೆ ಯಕ್ಷಗಾನದ ಚೆಂಡೆಯನ್ನು ಹಾರ್ಮೋನಿಯಮ್ಮಿನಲ್ಲಿ ಬಾರಿಸಿದ ಹಾಗೆ.

ಮಾಷ್ಟ್ರೇ, ನಾನು ರಿಯಾಕ್ಟ್ ನೇಟಿವ್ ಬಿಟ್ಟುಕೊಟ್ಟೆ ಎಂದೇ ಇಟ್ಟುಕೊಳ್ಳಿ. ಈ ಪ್ರಶ್ನೆಗೆ ಉತ್ತರ ಹೇಳಿ, ಯಾವ ಫ್ರೇಮ್‌ವರ್ಕ್, ಅಂದರೆ ಆ್ಯಪ್ ಕಟ್ಟುವ ತಯಾರಿ ಚೌಕಟ್ಟು, ತೆಗೆದುಕೊಂಡರೂ ಇದು ಬಂದೇ ಬರುತ್ತದೆ. ಮೇಲಿನ ಮನೆಯವರು ನೆಟ್ ಇಲ್ಲದ ಹೊತ್ತಿನಲ್ಲಿ ಜೂನ್ 4ಕ್ಕೆ ತಮ್ಮ ಹೆಸರು ಹಾಕಿದರು. ಕೆಳಗಿನ ಮನೆಯವರೂ ನೆಟ್ ಇಲ್ಲದೆ ಜೂನ್ 4ಕ್ಕೇ ಹಾಕಿದರು. ಇಬ್ಬರ ಫೋನಿನಲ್ಲೂ ಹಸಿರು ಗುರುತು ಕಾಣುತ್ತದೆ. ಸಂಜೆ ಇಬ್ಬರೂ ಪಾರೆ ಹತ್ತಿದರು. ಯಾರದ್ದು ನಿಲ್ಲಬೇಕು?

ಸೋಗೆಮಾಡು · ಏಪ್ರಿಲ್ 28, ರಾತ್ರಿ 9.15

ಯಾರು ಮೊದಲು ಒತ್ತಿದರೋ ಅವರದ್ದು?

ಚಂದ್ರಗಿರಿ ತೆಂಕು · ಏಪ್ರಿಲ್ 28, ರಾತ್ರಿ 9.50

ಮೊದಲು ಒತ್ತಿದ್ದು ಯಾರೆಂದು ಹೇಳುವುದು ಯಾರು? ಫೋನಿನ ಗಡಿಯಾರವಾ? ತಂಡದವರ ಫೋನು ಒಮ್ಮೆ ಬಿಚ್ಚಿ ನೋಡಿ, ಒಂದಾದರೂ ಹತ್ತು ನಿಮಿಷ ಹಿಂದೆ ಇರುತ್ತದೆ. ಬ್ಯಾಟರಿ ಸತ್ತು ಎದ್ದ ಫೋನು 1970ಕ್ಕೆ ಹೋದದ್ದನ್ನೂ ಕಂಡಿದ್ದೇನೆ.

ಇಲ್ಲಿ ಬಾಯಾರಿನವರು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾರೆ. ತಯಾರಿರುವ ವ್ಯವಸ್ಥೆಗಳು ಇದಕ್ಕೆ ಏನು ಮಾಡುತ್ತವೆ ನೋಡಿ. ಗೂಗಲಿನ ಫೈರ್‌ಸ್ಟೋರ್ ಡೇಟಾಬೇಸ್ ತೆಗೆದುಕೊಂಡರೆ ನೆಟ್ ಇಲ್ಲದಾಗ ಬರೆದದ್ದನ್ನು ಇಟ್ಟುಕೊಂಡು ಆಮೇಲೆ ಕಳುಹಿಸುತ್ತದೆ. ಒಂದೇ ಕಡತದ ಮೇಲೆ ಇಬ್ಬರು ಬರೆದರೆ ಕೊನೆಗೆ ಬಂದದ್ದು ನಿಲ್ಲುತ್ತದೆ. ಅಂದರೆ ಮೊದಲು ಸರ್ವರಿಗೆ ತಲುಪಿದ ಹೆಸರು ಸದ್ದಿಲ್ಲದೆ ಮಾಯ. ಟ್ರಾನ್ಸಾಕ್ಷನ್, ಅಂದರೆ ಮೊದಲು ಓದಿ ನೋಡಿ ಆಮೇಲೆ ಬರೆಯುವ ಕ್ರಮ, ಹಾಕೋಣ ಎಂದರೆ ಅದು ಆಫ್‌ಲೈನಿನಲ್ಲಿ ನಡೆಯುವುದೇ ಇಲ್ಲ. ಕೌಚ್ ಡಿಬಿ ಎನ್ನುವ ಇನ್ನೊಂದು ಡೇಟಾಬೇಸಿನ ಜಾಯಮಾನ ಬೇರೆ: ಎರಡನ್ನೂ ಇಟ್ಟುಕೊಂಡು, ಒಂದನ್ನು ಗೆದ್ದದ್ದು ಎಂದು ತೋರಿಸಿ, ಸೋತದ್ದನ್ನು ಬದಿಗಿಡುತ್ತದೆ. ನಾವು ಹೋಗಿ ಕೇಳಿದರೆ ತೋರಿಸುತ್ತದೆ.

ನಿಮ್ಮ ಕೆಲಸಕ್ಕೆ ನಾನಾದರೆ ಹೀಗೆ ಮಾಡುತ್ತೇನೆ. ಫೋನಿನಲ್ಲಿ ದಿನ ಹಾಕಿದಾಗ ಅದು "ನಿಗದಿ" ಆಗುವುದೇ ಇಲ್ಲ. "ಕೇಳಿದ್ದು" ಅಷ್ಟೇ. ಹಳದಿ ಬಣ್ಣ. ಕಳುಹಿಸಬೇಕಾದದ್ದೆಲ್ಲ ಫೋನಿನ ಒಳಗೆ ಒಂದು ಸರತಿಯಲ್ಲಿ ಕೂತಿರುತ್ತದೆ, ಪ್ರತಿಯೊಂದಕ್ಕೂ ಫೋನೇ ಕೊಟ್ಟ ಒಂದು ಗುರುತು ಸಂಖ್ಯೆ. ಹಾಗಾಗಿ ಒಂದೇ ಕೋರಿಕೆ ಎರಡು ಸಲ ಹೋದರೂ ಸರ್ವರಿನಲ್ಲಿ ಒಂದೇ ಆಗುತ್ತದೆ. ನೆಟ್ ಸಿಕ್ಕಿದಾಗ ಸರ್ವರಿಗೆ ಹೋಗುತ್ತದೆ. ಸರ್ವರ್ ತನ್ನ ಗಡಿಯಾರ ನೋಡಿ, ಮೊದಲು ಬಂದದ್ದಕ್ಕೆ ದಿನ ಕೊಟ್ಟು, ಇನ್ನೊಂದಕ್ಕೆ "ಆ ದಿನ ಖಾಲಿ ಇಲ್ಲ, 5 ಅಥವಾ 7 ಆಗಬಹುದಾ?" ಎನ್ನುತ್ತದೆ. ಆಮೇಲೆ ಹಸಿರು. ಹಸಿರು ಕಾಣುವ ತನಕ ಮೈಲುತುತ್ತು ಕಟ್ಟು ಬಿಚ್ಚಬೇಡಿ ಎಂದು ಎಲ್ಲರಿಗೂ ಹೇಳಿಬಿಡಿ.

ಆ್ಯಂಡ್ರಾಯ್ಡಿನ ಕ್ರೋಮಿನಲ್ಲಿ ಆ್ಯಪ್ ಮುಚ್ಚಿದ್ದರೂ ನೆಟ್ ಬಂದ ಕೂಡಲೇ ಕಳುಹಿಸುವ ಬ್ಯಾಕ್‌ಗ್ರೌಂಡ್ ಸಿಂಕ್ ಉಂಟು. ಸಫಾರಿಯಲ್ಲಿ ಇಲ್ಲ. ಆದ್ದರಿಂದ ಆ್ಯಪ್ ತೆರೆದಾಗಲೆಲ್ಲ ಸರತಿ ಖಾಲಿ ಮಾಡುವ ಕೋಡನ್ನೂ ಬರೆಯಲೇಬೇಕು.

ಅಡ್ಕದ ಅಕ್ಕ · ಏಪ್ರಿಲ್ 29, ಬೆಳಗ್ಗೆ 10.00

ಹಳದಿ, ಹಸಿರು ಒಳ್ಳೇ ಉಪಾಯ. ಆದರೆ ಬಣ್ಣದ ಒಟ್ಟಿಗೆ ಅಕ್ಷರದಲ್ಲೂ ಬರೆಯಿರಿ. ನಮ್ಮ ಮಾವನಿಗೆ ಹಸಿರು ಕೆಂಪು ಗೊತ್ತಾಗುವುದಿಲ್ಲ, ಹಣ್ಣಡಿಕೆಯನ್ನೂ ಮುಟ್ಟಿಯೇ ಹೇಳುವವರು.

ಸೋಗೆಮಾಡು · ಏಪ್ರಿಲ್ 30, ರಾತ್ರಿ 9.30

ವೆಬ್ ಎಂದು ನಿಶ್ಚಯ ಮಾಡಿದೆ. ಈಗ ವೆಬ್ಬಿನ ಒಳಗೇ ಮತ್ತೊಂದು ಫ್ರೇಮ್‌ವರ್ಕ್ ಸಂತೆ ಕಂಡಿತು. ರಿಯಾಕ್ಟ್, ವ್ಯೂ, ಸ್ವೆಲ್ಟ್, ಅಯಾನಿಕ್, ಆ್ಯಂಗ್ಯುಲರ್. ನನಗೆ ಇರುವುದು ಐದು ಪರದೆ: ಪಾಳಿ, ನನ್ನ ತೋಟ, ಡ್ರಮ್ಮಿನ ಲೆಕ್ಕ, ಹಣ, ತಂಡ. ಏನೂ ಇಲ್ಲದೆ ಸಾದಾ ಜಾವಾಸ್ಕ್ರಿಪ್ಟಿನಲ್ಲೇ ಮಾಡಿದರೆ ಸಾಲದಾ?

ಬಾಯಾರಿನವ, ಸದ್ಯ ಬೆಂಗಳೂರು · ಏಪ್ರಿಲ್ 30, ರಾತ್ರಿ 10.10

ಸಾಲುತ್ತದೆ, ಎರಡು ವಾರದ ತನಕ. ಆಮೇಲೆ "ಹಳದಿ ಹಸಿರಾದಾಗ ಪಟ್ಟಿಯಲ್ಲೂ ಬದಲಾಗಬೇಕು, ಮೇಲಿನ ಲೆಕ್ಕದಲ್ಲೂ ಬದಲಾಗಬೇಕು, ನನ್ನ ತೋಟದ ಪುಟದಲ್ಲೂ ಬದಲಾಗಬೇಕು" ಎಂದು ಒಂದೊಂದೇ ಸೇರಿಸುತ್ತಾ ಹೋಗಿ, ಕೊನೆಗೆ ನೀವೇ ಒಂದು ಫ್ರೇಮ್‌ವರ್ಕ್ ಬರೆದಿರುತ್ತೀರಿ. ಅದಕ್ಕೆ ಪುಸ್ತಕವೂ ಇಲ್ಲ, ಕೇಳಲಿಕ್ಕೆ ಜನವೂ ಇಲ್ಲ.

ರಿಯಾಕ್ಟ್ ನನ್ನ ಅನ್ನ. ಆದರೂ ನಿಮಗೆ ವ್ಯೂ ಹೇಳುತ್ತೇನೆ. ಒಂದು ಫೈಲು ಇಳಿಸಿಕೊಂಡು ಪುಟಕ್ಕೆ ಸೇರಿಸಿದರೆ ಆಯಿತು, ಕೋಡನ್ನು ಕಟ್ಟಿ ತಯಾರು ಮಾಡುವ ಬಿಲ್ಡ್ ಗಿಲ್ಡ್ ಏನೂ ಬೇಡ. ಬಿಲ್ಡ್ ಬೇಡ ಎನ್ನುವುದೇ ನಿಮಗೆ ದೊಡ್ಡ ಗುಣ. ಎರಡು ವರ್ಷ ಬಿಟ್ಟು ತೆರೆದಾಗ ನೂರೆಂಟು ಪ್ಯಾಕೇಜು ಮುನಿಸಿಕೊಂಡಿರುವುದಿಲ್ಲ. ಇಂಡೆಕ್ಸ್ಡ್ ಡಿಬಿಯನ್ನು ನೇರವಾಗಿ ಬರೆಯುವುದು ಹಿಂಸೆ, ಡೆಕ್ಸಿ ಎನ್ನುವ ಸಣ್ಣ ಲೈಬ್ರರಿ ಹಾಕಿಕೊಳ್ಳಿ. ಬೇರೆ ಏನೂ ಬೇಡ.

ಚಂದ್ರಗಿರಿ ತೆಂಕು · ಏಪ್ರಿಲ್ 30, ರಾತ್ರಿ 10.25

ರಿಯಾಕ್ಟಿನವರ ಬಾಯಲ್ಲಿ ಈ ಮಾತು! ನಾಳೆ ಮಳೆ ಗ್ಯಾರಂಟಿ.

ಆ ಫೈಲನ್ನು ಬೇರೆಯವರ ಸರ್ವರಿನಿಂದ ಎಳೆಯಬೇಡಿ, ನಿಮ್ಮದೇ ಸೈಟಿನಲ್ಲಿ ಇಡಿ. ಫಾಂಟೂ ಹಾಗೆಯೇ.

ಸೋಗೆಮಾಡು · ಮೇ 9, ರಾತ್ರಿ 11.20

ಹತ್ತು ದಿನದ ವರದಿ. ಪಾಳಿಯ ಪುಟ ಆಯಿತು, ಡ್ರಮ್ಮಿನ ಲೆಕ್ಕವೂ ಆಯಿತು. ಶೇಕಡಾ ಒಂದರ ಬೋರ್ಡೋ ಎಂದರೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇನ್ನೂರರ ಡ್ರಮ್ಮಿಗೆ ಎರಡೆರಡು. ಬಾಯಿಲೆಕ್ಕಕ್ಕೆ ಆ್ಯಪ್ ಯಾಕೆ ಎಂದು ಮನೆಯಲ್ಲಿ ನಗಾಡಿದರು.

ಫ್ರೇಮ್‌ವರ್ಕಿನಿಂದ ಏನೂ ತೊಂದರೆಯಾಗಲಿಲ್ಲ. ತೊಂದರೆ ಕೊಟ್ಟದ್ದು ಪೂರಾ ಅಕ್ಷರ. ಯಾರಿಗಾದರೂ ಉಪಕಾರವಾದೀತು ಎಂದು ಬರೆಯುತ್ತೇನೆ.

ಒಂದು ಬಟನ್ನಿನಲ್ಲಿ "ಕುಂಬ್ಳೆ" ಎಂದು ಬರೆದಿದ್ದೆ. ಹಳೇ ಫೋನಿನಲ್ಲಿ ಅದು "ಕುಂಬೆ" ಎಂದು ಕಂಡಿತು. ಅರ್ಧ ದಿನ ಕೋಡು ಹುಡುಕಿದೆ. ಕೊನೆಗೆ ನೋಡಿದರೆ ಸಾಲಿನ ಎತ್ತರ ಕಡಿಮೆ ಕೊಟ್ಟು, ಹೊರಗೆ ಬಂದದ್ದನ್ನು ಅಡಗಿಸು ಎಂದು ಸಿಎಸ್‌ಎಸ್‌ನಲ್ಲಿ ಬರೆದಿದ್ದೆ. ಳಕಾರದ ಒತ್ತು ಪೂರ್ತಿ ಕತ್ತರಿಸಿಹೋಗಿತ್ತು. ಸಾಲಿನ ಎತ್ತರ 1.7 ಮಾಡಿದೆ, ಊರಿಗೆ ಒತ್ತು ವಾಪಸು ಬಂತು. ಇಂಗ್ಲಿಷಿಗೆ ಅಳೆದು ಹೊಲಿದ ಅಂಗಿ ನಮ್ಮ ಅಕ್ಷರಕ್ಕೆ ಸೊಂಟದಲ್ಲಿ ಬಿಗಿ.

ಆಮೇಲೆ ಹುಡುಕುವ ಪೆಟ್ಟಿಗೆ. ಒಬ್ಬರು ತಮ್ಮ ಮನೆ ಹೆಸರು ಟೈಪ್ ಮಾಡಿದರೆ "ಸಿಗಲಿಲ್ಲ" ಎಂದು ಬರುತ್ತದೆ, ಕಣ್ಣಿಗೆ ಎರಡೂ ಒಂದೇ. "ಗೋ" ಎನ್ನುವುದರ ಓಕಾರವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಒಕಾರ ಹಾಕಿ ಮುಂದೆ ದೀರ್ಘದ ಗುರುತು ಸೇರಿಸಿಯೂ ಇಡಬಹುದು ಎಂದು ಅವತ್ತು ಗೊತ್ತಾಯಿತು. ಕಂಪ್ಯೂಟರಿಗೆ ಅವು ಬೇರೆ ಬೇರೆ. ಸೇವ್ ಮಾಡುವಾಗಲೂ ಹುಡುಕುವಾಗಲೂ ಎರಡನ್ನೂ ಒಂದೇ ರೂಪಕ್ಕೆ ತರುವ ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಹಾಕಿದ ಮೇಲೆ ಸರಿಯಾಯಿತು. ಹೆಸರು ಹತ್ತು ಅಕ್ಷರಕ್ಕಿಂತ ಉದ್ದ ಇರಬಾರದು ಎಂದು ಕಟ್ಟುಮಾಡಿದ್ದೂ ತೆಗೆದೆ. "ಕಾಸರಗೋಡು" ನಮಗೆ ಐದು ಅಕ್ಷರ, ಜಾವಾಸ್ಕ್ರಿಪ್ಟಿಗೆ ಎಂಟು.

ಇನ್ನು ಅಂಕೆ. ಸಂಖ್ಯೆ ಮಾತ್ರ ಎಂದು ಗೊತ್ತುಮಾಡಿದ ಪೆಟ್ಟಿಗೆ ಕನ್ನಡ ಅಂಕೆ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ಒಬ್ಬರು ಅಜ್ಜ ಹಠ ಹಿಡಿದು ಕನ್ನಡ ಅಂಕೆಯಲ್ಲೇ ಬರೆಯುವವರು. ಸಾದಾ ಪೆಟ್ಟಿಗೆ ಮಾಡಿ, ಒಳಗೆ ನಾನೇ ಬದಲಾಯಿಸಿಕೊಂಡೆ.

ಮುಳ್ಳೇರಿಯ ಸೈಡ್ · ಮೇ 10, ಬೆಳಗ್ಗೆ 7.15

ಮಲಯಾಳದಲ್ಲೂ ಜಾಗ್ರತೆ ಮಾಷ್ಟ್ರೇ. ಚಿಲ್ಲು ಅಕ್ಷರಕ್ಕೆ (ಸ್ವರ ಸೇರದ ವ್ಯಂಜನದ ರೂಪ) ಯೂನಿಕೋಡಿನಲ್ಲಿ 2008ರಲ್ಲಿ ಪ್ರತ್ಯೇಕ ಸಂಕೇತ ಬಂತು, ಅದಕ್ಕಿಂತ ಮೊದಲು ಕಾಣದ ಜೋಡಕ ಸೇರಿಸಿ ಬರೆಯುತ್ತಿದ್ದರು. ಎರಡೂ ನಮೂನೆ ಈಗಲೂ ಓಡಾಡುತ್ತವೆ. ನಾರ್ಮಲೈಸ್ ಅದನ್ನು ಸರಿಮಾಡುವುದಿಲ್ಲ, ಕೈಯಲ್ಲೇ ಬದಲಾಯಿಸಬೇಕು.

ಸೋಗೆಮಾಡು · ಮೇ 10, ಬೆಳಗ್ಗೆ 7.40

ಅಬ್ಬಾ! ತಂಡದ ಒಬ್ಬರ ಹೆಸರು ಸಿಗದೆ ಇದ್ದದ್ದು ಇದಕ್ಕೇ. ಉಪಕಾರ ಆಯ್ತು.

ಡಬಲ್ ಚೋಲ್ · ಮೇ 12, ಮಧ್ಯಾಹ್ನ 1.30

ಅಡಿಕೆ ವ್ಯಾಪಾರ, ಅಂಗಡಿ ಕುಂಬಳೆ ಬದಿ. ನಿಮ್ಮ ಚರ್ಚೆ ಓದ್ತಾ ಇದ್ದೇನೆ. ಮದ್ದಿನ ಪಾಳಿ ಆದ ಮೇಲೆ ಇದರಲ್ಲೇ ಅಡಿಕೆ ಲೆಕ್ಕವೂ ಮಾಡ್ತೀರಾದರೆ ನನಗೊಂದು ಬೇಕು. ತೂಕ ಮಾಡಿದ ಕೂಡಲೇ ಚೀಟಿ ಕೊಡಬೇಕು: ಹೊಸತು, ಹಳತು, ಪಟೋರ, ಉಳ್ಳಿ, ಕರಿಗೋಟು ಎಂದು ಅಡಿಕೆಯ ಒಂದೊಂದು ತರದ ತೂಕ, ದರ. ಹತ್ತಿರ ಒಂದು ಸಣ್ಣ ಬ್ಲೂಟೂತ್ ಪ್ರಿಂಟರ್ ಉಂಟು, ಬಸ್ಸಿನವರ ಟಿಕೆಟಿನ ಹಾಗೆ ಕಾಗದ ಬರುವುದು. ವೆಬ್ಬಿನಿಂದ ಅದಕ್ಕೆ ಪ್ರಿಂಟ್ ಹೋಗ್ತದಾ?

ಚಂದ್ರಗಿರಿ ತೆಂಕು · ಮೇ 12, ಸಂಜೆ 6.45

ಇಲ್ಲಿ ವೆಬ್ಬಿನ ಗಡಿ ಬಂತು ನೋಡಿ. ಆ್ಯಂಡ್ರಾಯ್ಡ್ ಕ್ರೋಮಿನಲ್ಲಿ ವೆಬ್ ಬ್ಲೂಟೂತ್ ಉಂಟು, ಆದರೆ ಅದು ಮಾತಾಡುವುದು ಬಿಎಲ್‌ಇ ಎನ್ನುವ ಹೊಸ ನಮೂನೆಯ ಬ್ಲೂಟೂತಿನೊಟ್ಟಿಗೆ ಮಾತ್ರ. ಅಗ್ಗದ ಪ್ರಿಂಟರುಗಳಲ್ಲಿ ಬಹಳಷ್ಟು ಹಳೇ ಕ್ಲಾಸಿಕ್ ಬ್ಲೂಟೂತಿನವು. ಸಫಾರಿಯಲ್ಲಂತೂ ವೆಬ್ ಬ್ಲೂಟೂತೇ ಇಲ್ಲ.

ಹಾಗೆಂದು ಎಲ್ಲ ಬಿಟ್ಟು ಫ್ಲಟರಿಗೆ ಓಡಬೇಕಾಗಿಲ್ಲ. ಕೆಪ್ಯಾಸಿಟರ್ ಎಂದು ಒಂದು ಉಂಟು, ಅಯಾನಿಕ್‌ನವರದ್ದು, 2019ರಲ್ಲಿ ಬಂದದ್ದು. ಕಾರ್ಡೋವಾದ ತಮ್ಮ ಎನ್ನಿ. ಮಾಷ್ಟ್ರ ಅದೇ ವೆಬ್ ಫೈಲುಗಳನ್ನು ಒಂದು ಆ್ಯಂಡ್ರಾಯ್ಡ್ ಚೀಲದೊಳಗೆ ಹಾಕಿ ಕೊಡುತ್ತದೆ, ಬ್ಲೂಟೂತಿಗೆ ಬೇಕಾದ ಪ್ಲಗಿನ್, ಅಂದರೆ ಹೆಚ್ಚುವರಿ ಕೋಡಿನ ತುಣುಕು, ಸೇರಿಸಬಹುದು. ಪ್ರಿಂಟರ್ ಇರುವುದು ನಿಮ್ಮ ಅಂಗಡಿಯ ಒಂದು ಫೋನಿಗೆ. ಆ ಒಂದಕ್ಕೆ ಚೀಲ, ಉಳಿದ ಎಲ್ಲರಿಗೂ ಲಿಂಕು.

ಮತ್ತೊಂದು. ಆ ಪ್ರಿಂಟರಿನ ಹೊಟ್ಟೆಯಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. "ಪಟೋರ" ಎಂದು ಕಳುಹಿಸಿದರೆ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಚೀಟಿಯನ್ನು ಕ್ಯಾನ್ವಾಸಿನಲ್ಲಿ ಬರೆದು ಚಿತ್ರವಾಗಿ ಕಳುಹಿಸಬೇಕು. 58 ಮಿಲಿಮೀಟರ್ ಕಾಗದದ ಪ್ರಿಂಟರಿಗೆ ಅಡ್ಡಕ್ಕೆ 384 ಚುಕ್ಕಿ. ಅಷ್ಟೇ ಅಗಲದ ಚಿತ್ರ ಮಾಡಿ.

ಪೆರ್ಲ ಟು ಕುಡ್ಲ · ಮೇ 12, ರಾತ್ರಿ 8.00

ಫ್ಲಟರಿನಲ್ಲಾದರೂ ಪ್ರಿಂಟರಿಗೆ ಚಿತ್ರವೇ ಕಳಿಸಬೇಕು, ಅದು ಸರಿ. ನಾನು ಇನ್ನೂ ಸೋತಿಲ್ಲ, ಆದರೆ ಅಂಗಡಿಯ ಫೋನಿಗೆ ಪ್ಲಗಿನ್ ಕೂರಿಸುವುದು ನಾನು ಮಾಡಿಕೊಡ್ತೇನೆ. ಶನಿವಾರ ಊರಿಗೆ ಬರ್ತೇನೆ.

ಬಾಯಾರಿನವ, ಸದ್ಯ ಬೆಂಗಳೂರು · ಮೇ 12, ರಾತ್ರಿ 8.20

ಪ್ಲೇ ಸ್ಟೋರಿಗೆ ಹಾಕುವ ಯೋಚನೆ ಇದ್ದರೆ: ಖಾತೆಗೆ ಒಂದೇ ಸಲ 25 ಡಾಲರ್. ಹೊಸ ವೈಯಕ್ತಿಕ ಖಾತೆಯಾದರೆ ಮೊದಲು 12 ಜನರಿಂದ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕು. ಮೊದಲು 20 ಜನ ಇತ್ತು. ಬೈಲಿನಲ್ಲಿ ನಲವತ್ತೆರಡು ಮನೆ ಇರುವವರಿಗೆ ಜನಕ್ಕೇನು ಬರ? ಆದರೆ ಒಮ್ಮೆ ಹಾಕಿದರೆ ಮುಗಿಯುವುದಿಲ್ಲ, ಹೊಸ ಆ್ಯಂಡ್ರಾಯ್ಡಿಗೆ ತಕ್ಕಂತೆ ವರ್ಷ ವರ್ಷ ತಿದ್ದಿ ಹಾಕುತ್ತಿರಬೇಕು. ಒಂದೇ ಅಂಗಡಿಗಾದರೆ ಎಪಿಕೆ ಫೈಲು, ಅಂದರೆ ಆ್ಯಂಡ್ರಾಯ್ಡ್ ಆ್ಯಪಿನ ಕಟ್ಟು, ನೇರ ಕೊಟ್ಟುಬಿಡಿ.

ಸೋಗೆಮಾಡು · ಜೂನ್ 8, ರಾತ್ರಿ 10.15

ಮೊದಲ ಮದ್ದು ಮೂವತ್ತೊಂದು ಮನೆಗೆ ಆಯಿತು. ಉಳಿದದ್ದಕ್ಕೆ ಮಳೆ ಬಿಡುತ್ತಿಲ್ಲ. ಮೇ 30ಕ್ಕೆ ಇಬ್ಬರು ಒಂದೇ ದಿನ ಕೇಳಿದರು, ಒಬ್ಬರಿಗೆ ಹಸಿರು ಹೋಯಿತು, ಇನ್ನೊಬ್ಬರಿಗೆ ಜೂನ್ 1 ಆಗಬಹುದಾ ಎಂದು ಹೋಯಿತು. ಅವರು ಆಗಬಹುದು ಒತ್ತಿದರು. ಆ ಇನ್ನೊಬ್ಬರು ಯಾರೆಂದು ಕೇಳಿದಿರಾ? ಹೋದ ವರ್ಷ ಎರಡು ಡ್ರಮ್ಮು ದಂಡವಾದವರು.

ಒಂದು ಪೆಟ್ಟು ಮಾತ್ರ ತಿಂದೆ. ಜೂನ್ 2ಕ್ಕೆ ಮಲಯಾಳದ ಒಂದು ತಪ್ಪು ತಿದ್ದಿ ಹೊಸತು ಹಾಕಿದೆ. ನನ್ನ ಫೋನಿನಲ್ಲಿ ಬಂತು, ತಂಡದವರಿಗೆ ಮೂರು ದಿನವಾದರೂ ಹಳೆಯದೇ. ಸರ್ವಿಸ್ ವರ್ಕರ್ ಹೊಸತು ಬಂದರೂ, ಹಳೆಯ ಪುಟ ತೆರೆದೇ ಇರುವ ತನಕ ಹೊರಗೆ ಕಾಯುತ್ತಾ ನಿಲ್ಲುತ್ತದಂತೆ. ಅವರೋ ಆ್ಯಪ್ ಮುಚ್ಚುವುದೇ ಇಲ್ಲ. ಅಜ್ಜ ಜಗಲಿ ಬಿಟ್ಟು ಏಳದೆ ಹೊಸಬರಿಗೆ ಜಾಗ ಇಲ್ಲ. ಈಗ "ಹೊಸತು ಬಂದಿದೆ, ಒತ್ತಿ" ಎಂದು ಒಂದು ಪಟ್ಟಿ ಮೇಲೆ ಕಾಣುವ ಹಾಗೆ ಮಾಡಿದ್ದೇನೆ.

ಡಬಲ್ ಚೋಲ್ · ಜೂನ್ 9, ಬೆಳಗ್ಗೆ 9.30

ಚೀಟಿ ಬರ್ತಾ ಉಂಟು. ಕನ್ನಡ ಚಂದ ಕಾಣ್ತದೆ, ಆದರೆ ಚಿತ್ರವಾಗಿ ಹೋಗುವ ಕಾರಣ ನಿಧಾನ. ಒಂದು ಚೀಟಿ ಬರುವಾಗ ಗಿರಾಕಿ ಚಾ ಕುಡಿದು ಮುಗಿಸ್ತಾರೆ.

ಪೆರ್ಲ ಟು ಕುಡ್ಲ · ಜೂನ್ 9, ಬೆಳಗ್ಗೆ 9.45

ಮೇಲೆ ಅಂಗಡಿಯ ಲೋಗೋ ಅಂತ ಅಷ್ಟು ದೊಡ್ಡ ಅಡಿಕೆಗೊನೆ ಹಾಕಿದ್ದೀರಲ್ಲ, ಅದನ್ನು ಮೊದಲು ತೆಗೆಯಿರಿ.

ಡಬಲ್ ಚೋಲ್ · ಜೂನ್ 9, ಬೆಳಗ್ಗೆ 9.50

ಗೊನೆ ತೆಗೆಯುವುದಿಲ್ಲ. ಬೇಕಾದರೆ ಕರಿಗೋಟಿನ ಸಾಲು ತೆಗೀತೇನೆ.

ಅಡ್ಕದ ಅಕ್ಕ · ಜೂನ್ 9, ಬೆಳಗ್ಗೆ 11.10

ಮಾಷ್ಟ್ರೇ, ನಮ್ಮ ಗುಂಪಿಗೂ ಒಂದು ಪ್ರತಿ ಬೇಕಿತ್ತು. ಎರಡನೇ ಮದ್ದಿನ ಮೊದಲು ಆಗಬಹುದಾ? ಮತ್ತೆ ತಿಂಗಳ ಹೆಸರು ಜುಲೈ ಅಂತ ಮಾತ್ರ ಹಾಕಬೇಡಿ, ಆಟಿ ಅಂತಲೂ ಇರಲಿ.